ನ್ಯೂಜಿಲೆಂಡಿನವರು ‘ಪೆನ್’ ಅಂದರೆ ‘ಪಿನ್’ ಅಂತ ಯಾಕೆ ಕೇಳಿಸುತ್ತದೆ?

ಅವರ ಇಂಗ್ಲಿಷಿನಲ್ಲಿ ಮೂರು ಹ್ರಸ್ವ ಸ್ವರಗಳು ಒಂದನ್ನೊಂದು ತಳ್ಳುತ್ತಾ ಜಾಗ ಬದಲಿಸಿವೆ, ಅದಕ್ಕೆ.

ನಾಲಗೆ ಎಷ್ಟು ಮೇಲಿದೆ, ಎಷ್ಟು ಮುಂದಿದೆ ಅನ್ನುವುದರ ಮೇಲೆ ಸ್ವರ ಬದಲಾಗುತ್ತದೆ. ಅಲ್ಲಿ ‘ಬ್ಯಾಟ್’ನ ‘ಆ್ಯ’ ಮೇಲೇರಿ ‘ಬೆಟ್’ನ ‘ಎ’ ಹತ್ತಿರ ಬಂತು. ಎರಡೂ ಒಂದೇ ಆಗಿಬಿಟ್ಟರೆ ಗೊಂದಲ, ಅಲ್ವಾ? ಹಾಗಾಗಿ ‘ಎ’ ಇನ್ನೂ ಮೇಲೆ, ‘ಇ’ ಕಡೆಗೆ ಸರಿಯಿತು. ‘ಇ’ ಮೇಲೆ ಹೋಗಲಿಲ್ಲ, ಬಾಯಿಯ ನಡುಭಾಗಕ್ಕೆ ಹಿಂದೆ ಸರಿಯಿತು. ‘ಫಿಶ್’ ನಮ್ಮ ಕಿವಿಗೆ ‘ಫಶ್’ ಅನ್ನಿಸುವುದು ಇದರಿಂದಲೇ. ಭಾಷಾತಜ್ಞರು ಇದನ್ನು ಸರಪಳಿ ಪಲ್ಲಟ ಅನ್ನುತ್ತಾರೆ. (ಪಕ್ಕದ ಆಸ್ಟ್ರೇಲಿಯಾದಲ್ಲಿ ಅದೇ ‘ಇ’ ಮೇಲಕ್ಕೇರಿ ‘ಫೀಶ್’ ಥರ ಕೇಳುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಗೇಲಿ ಮಾಡುವುದು ಸುಮ್ನೆ ಅಲ್ಲ!)

ಇದು ಸೋಮಾರಿ ಉಚ್ಚಾರಣೆಯೂ ಅಲ್ಲ, ದಿಢೀರ್ ಬದಲಾವಣೆಯೂ ಅಲ್ಲ. 1946–48ರಲ್ಲಿ ನ್ಯೂಜಿಲೆಂಡಿನ ರೇಡಿಯೋ ತಂಡ ಊರೂರು ಸುತ್ತಿ ಹಿರಿಯರ ಮಾತು ರೆಕಾರ್ಡ್ ಮಾಡಿತ್ತು. ಕೆಲವರು 1850ರ ದಶಕದಲ್ಲಿ ಹುಟ್ಟಿದವರು. ಅವುಗಳನ್ನು ಇಂದಿನ ಮಾತಿನ ಜೊತೆ ಹೋಲಿಸಿದರೆ, ತಲೆಮಾರಿನಿಂದ ತಲೆಮಾರಿಗೆ ಸ್ವರಗಳು ಸ್ವಲ್ಪಸ್ವಲ್ಪವೇ ಜರುಗಿದ್ದು ಗೊತ್ತಾಗುತ್ತದೆ. ಮೂರೂ ಸರಿದಿರುವುದರಿಂದ ಅವರಿಗೆ ‘ಪೆನ್’, ‘ಪಿನ್’ ಬೇರೆಬೇರೆಯಾಗಿಯೇ ಕೇಳುತ್ತವೆ. ತಬ್ಬಿಬ್ಬಾಗುವುದು ಹೊರಗಿನವರು ಮಾತ್ರ.