ಕಾಡುದಾರಿಯಲ್ಲಿ ಕುದುರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಾಸವಡದ ಹತ್ತಿರ ಒಂದು ಲಾಯದಲ್ಲಿ ಗೆಳೆಯರೆಲ್ಲ ಸೇರಿ ಎರಡು ಕುದುರೆ ಇಟ್ಟಿದ್ದೇವೆ. ಸುತ್ತಲಿನ ಹುಲ್ಲುಗುಡ್ಡಗಳಲ್ಲಿ ಸವಾರಿ ಮಾಡುತ್ತಿದ್ದೆವು. ಈಗ ಫಾರೆಸ್ಟ್ ಗಾರ್ಡ್ ತಡೆಯುತ್ತಿದ್ದಾರೆ. ಅದೇ ಜಾಗದಲ್ಲಿ ಕುರಿ ಹಿಂಡು ಹೋಗುತ್ತದಲ್ಲ, ನಮಗೇಕೆ ಬೇಡ? (ಚಿಂಚವಾಡ, ಪುಣೆ)

ಉತ್ತರ: ಗಾರ್ಡ್ ಜೊತೆ ವಾದಕ್ಕಿಳಿಯುವ ಮೊದಲು ಜಾಗ ಯಾರದೆಂದು ನೋಡಿಕೊಳ್ಳಿ. ಕಣ್ಣಿಗೆ ಎಲ್ಲವೂ ಒಂದೇ ಹುಲ್ಲು. ಕಾಗದದಲ್ಲಿ ಮಾತ್ರ ಒಂದು ತುಂಡು ಊರಿನ ಗಾಯರಾನ (ಗೋಮಾಳ), ಇನ್ನೊಂದು ಅರಣ್ಯ ಇಲಾಖೆಯದು, ಮತ್ತೊಂದು ಖಾಸಗಿಯವರದು. ಮಹಾರಾಷ್ಟ್ರದ ಭೂದಾಖಲೆಗಳ ಮಹಾಭೂಲೇಖ ಜಾಲತಾಣದಲ್ಲಿ ಗಟ್ ನಂಬರ್ (ಜಮೀನಿನ ಸಂಖ್ಯೆ) ಹಾಕಿ ಸಾತ್-ಬಾರಾ ಉತಾರಾ, ಅಂದರೆ ಪಹಣಿ, ತೆಗೆದರೆ ಮಾಲೀಕರ ಹೆಸರು ಸಿಗುತ್ತದೆ. ಗಾಯರಾನವಾದರೆ ಗ್ರಾಮಪಂಚಾಯಿತಿಯಲ್ಲಿ ಮಾತಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಮೀಸಲು ಅರಣ್ಯವಾದರೆ ಕಾನೂನು ಗಾರ್ಡ್ ಕಡೆಗಿದೆ. 1927ರ ಭಾರತೀಯ ಅರಣ್ಯ ಕಾಯ್ದೆಯ 26ನೇ ಕಲಂ ಅನುಮತಿಯಿಲ್ಲದೆ ಒಳನುಗ್ಗುವುದನ್ನೂ ದನ ಬಿಡುವುದನ್ನೂ ತಡೆಯುತ್ತದೆ. ‘ದನ’ ಎಂಬುದರ ಪಟ್ಟಿಯಲ್ಲಿ ಕುದುರೆ, ತಟ್ಟು, ಹೇಸರಗತ್ತೆ ಎಲ್ಲವೂ ಇವೆ. ನಿಮ್ಮ ಕುದುರೆ ಹುಲ್ಲಿಗೆ ಬಾಯಿ ಹಾಕಲಿಲ್ಲ ಎಂಬ ಸಮರ್ಥನೆ ನಡೆಯುವುದಿಲ್ಲ. ಕುರಿಯವರ ಲೆಕ್ಕ ಬೇರೆ. ಅಲೆಮಾರಿ ಪಶುಪಾಲಕರ ಮೇವಿನ ರೂಢಿಯನ್ನು 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕೆಂದು ಗುರುತಿಸುತ್ತದೆ. ಹವ್ಯಾಸದ ಸವಾರಿಗೆ ಆ ಹಕ್ಕು ಬರುವುದಿಲ್ಲ, ಬರಬೇಕೆಂದು ನಮಗೂ ಅನ್ನಿಸುವುದಿಲ್ಲ.

ಒಂದು ದಾರಿಯಿದೆ. ತಾಲೂಕಿನ ಭೂಮಾಪನ ಕಚೇರಿಯಿಂದ ಊರಿನ ನಕಾಶೆ ತರಿಸಿ. ಅದರಲ್ಲಿ ಜೋಡಿ ಚುಕ್ಕೆಗೆರೆಯಿದ್ದರೆ ಗಾಡಿದಾರಿ, ಒಂಟಿ ಚುಕ್ಕೆಗೆರೆಯಿದ್ದರೆ ಕಾಲುದಾರಿ. ನಿಮ್ಮ ಗುಡ್ಡದ ಮೇಲೆ ಹಳೆಯ ಗಾಡಿದಾರಿ ದಾಖಲಾಗಿದ್ದರೆ ಅರ್ಜಿಗೆ ಬಲ ಬರುತ್ತದೆ. ಮೀಸಲು ಅರಣ್ಯದೊಳಗಿನ ದಾರಿಯನ್ನು ಮುಚ್ಚಬೇಕಾದರೆ ಅನುಕೂಲವಾದ ಬದಲಿ ದಾರಿ ಇರಬೇಕು ಎನ್ನುತ್ತದೆ ಅದೇ ಕಾಯ್ದೆಯ 25ನೇ ಕಲಂ.

ಅರ್ಜಿಯನ್ನು ಉಪವನಸಂರಕ್ಷಕರ ಹೆಸರಿಗೆ ಬರೆದು ರೇಂಜ್ ಕಚೇರಿಯ ಮೂಲಕ ಕೊಡಿ. ‘ಸಾಸವಡ ಪರಿಸರದಲ್ಲಿ ಸವಾರಿ’ ಎಂದಷ್ಟೇ ಬರೆದರೆ ಕಾಗದ ವಾಪಸ್ ಬರುವುದೇ ಹೆಚ್ಚು, ಏಕೆಂದರೆ ಯಾವ ಬೀಟಿನ (ಗಸ್ತಿನ ವ್ಯಾಪ್ತಿಯ) ಗಾರ್ಡ್ ಜವಾಬ್ದಾರಿ ಎಂದು ಅದರಿಂದ ತಿಳಿಯುವುದಿಲ್ಲ. ಕಂಪಾರ್ಟ್‌ಮೆಂಟ್ (ಇಲಾಖೆ ಗುರುತಿಸಿದ ಕಾಡಿನ ತುಂಡು) ನಂಬರ್, ದಿನಾಂಕ, ಒಳಹೋಗುವ ಮತ್ತು ಹೊರಬರುವ ಹೊತ್ತು, ಕುದುರೆಗಳ ಬಣ್ಣ ಮತ್ತು ಗುರುತು ಬರೆಯಿರಿ. ಫೋನಿನಲ್ಲಿ ದಾಖಲಿಸಿದ ದಾರಿಯ ಮುದ್ರಿತ ಪ್ರತಿ ಲಗತ್ತಿಸಿ. ಮೇಯಿಸುವುದಿಲ್ಲ, ನಾಯಿ ತರುವುದಿಲ್ಲ, ಬೆಂಕಿ ಹಾಕುವುದಿಲ್ಲ ಎಂದು ನೀವಾಗಿಯೇ ಬರೆದುಕೊಡಿ. ಪಶುವೈದ್ಯರ ಆರೋಗ್ಯಪತ್ರದ ಜೊತೆ ಗ್ಲಾಂಡರ್ಸ್ ರಕ್ತಪರೀಕ್ಷೆಯ ವರದಿಯೂ ಇರಲಿ. ಅದು ಮನುಷ್ಯರಿಗೂ ಹರಡುವ ರೋಗ, ಕುದುರೆಗೆ ತಗುಲಿದರೆ ಕೊಲ್ಲಲೇಬೇಕಾಗುತ್ತದೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಕೇಳಿ ಪಡೆಯಿರಿ.

ಹುಲ್ಲಿನ ನಡುವೆ ಓಡಿಸಲು ಕೇಳಬೇಡಿ, ಬೆಂಕಿ ಹರಡದಂತೆ ಕಡಿದ ಜಾಳರೇಷೆಯ ಮೇಲೆ ನಡೆಸಲು ಕೇಳಿ. ನೆಲದ ಮೇಲೆ ಗೂಡು ಕಟ್ಟುವ ಟಿಟ್ಟಿಭ, ನೆಲಗುಬ್ಬಿಗಳ ಮೊಟ್ಟೆ ಗೊರಸಿಗೆ ಸಿಗುವುದಿಲ್ಲ. ಹುಲ್ಲಲ್ಲಿ ಮರೆಯಾದ ಬಿಲಕ್ಕೆ ಕಾಲು ಸಿಕ್ಕಿ ಕುದುರೆಯ ಮೂಳೆ ಮುರಿಯುವ ಭಯವೂ ಕಡಿಮೆ.

ಪ್ರಶ್ನೆ: ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಟಿಕೆಟ್ ತೆಗೆದು ಕುದುರೆಯ ಮೇಲೆ ಹೋಗಬಹುದೇ? (ಮುಲುಂಡ, ಮುಂಬಯಿ)

ಉತ್ತರ: ಟಿಕೆಟ್ ನಿಮಗೆ, ಕುದುರೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಕಲಂ ರಾಷ್ಟ್ರೀಯ ಉದ್ಯಾನದೊಳಗೆ ಸಾಕುಪ್ರಾಣಿಗಳನ್ನು ಬಿಡುವುದಿಲ್ಲ. ಅಲ್ಲೇ ಒಂದು ಸಣ್ಣ ಕಿಂಡಿ ಇದೆ: ಪ್ರವೇಶಕ್ಕೆ ಅನುಮತಿ ಪಡೆದವರು ಪ್ರಾಣಿಯನ್ನು ವಾಹನವಾಗಿ ಬಳಸುತ್ತಿದ್ದರೆ ಈ ನಿಷೇಧ ತಟ್ಟುವುದಿಲ್ಲ. ಗಸ್ತಿನವರಿಗೆ ಉಪಯೋಗವಾಗುವ ಮಾತು ಇದು. ವಾರಾಂತ್ಯದ ಸವಾರ ಇದನ್ನು ಗೇಟಿನಲ್ಲಿ ಓದಿ ತೋರಿಸಿ ಒಳಹೋಗಲಾರ, ಕುದುರೆಗೆಂದೇ ಬರಹದ ಅನುಮತಿ ಬೇಕು. ಅದು ಚಿರತೆಗಳ ಕಾಡೆಂಬುದನ್ನೂ ಮರೆಯಬೇಡಿ. ವಾಸನೆ ಸಿಕ್ಕಿ ಬೆದರಿದ ಕುದುರೆ ಲಗಾಮಿನ ಮಾತು ಕೇಳುವುದಿಲ್ಲ. ಭೀಮಾಶಂಕರದಂಥ ಅಭಯಾರಣ್ಯಗಳಲ್ಲಿ ಸಾರ್ವಜನಿಕ ಹೆದ್ದಾರಿಯ ಮೇಲೆ ಹಾದುಹೋಗಲು ಅಡ್ಡಿಯಿಲ್ಲ, ಹೆದ್ದಾರಿ ಬಿಟ್ಟು ಇಳಿದರೆ ಪರವಾನಗಿ ಬೇಕು.

ಪ್ರಶ್ನೆ: ಅಮೆರಿಕದ ಕೊಲೊರಾಡೊದಲ್ಲಿರುವ ಮಗ, ಅಲ್ಲಿನ ಸಂರಕ್ಷಿತ ಕಾಡಿನಲ್ಲಿ ಕುದುರೆಗೆ ಬಿಡುತ್ತಾರೆ, ಸೈಕಲ್ಲಿಗೆ ಬಿಡುವುದಿಲ್ಲ ಎನ್ನುತ್ತಾನೆ. ನಿಜವೇ? (ಡೊಂಬಿವಲಿ)

ಉತ್ತರ: ನಿಜ. 1964ರ ಅವರ ವಿಲ್ಡರ್‌ನೆಸ್ ಕಾಯ್ದೆ ಮೋಟಾರನ್ನೂ ಯಾಂತ್ರಿಕ ಸಾರಿಗೆಯನ್ನೂ ನಿಷೇಧಿಸುತ್ತದೆ. ಸೈಕಲ್ಲು ಎರಡನೆಯದರಲ್ಲಿ ಸಿಕ್ಕಿಬಿತ್ತು, ಕುದುರೆ ಪಾರಾಯಿತು. ಹಾಗೆಂದು ಅಲ್ಲೂ ಮನಬಂದಂತೆ ಹೋಗುವಂತಿಲ್ಲ. ಕೊಲೊರಾಡೊದ ರಾಷ್ಟ್ರೀಯ ಅರಣ್ಯಗಳಿಗೆ ಒಯ್ಯುವ ಒಣಹುಲ್ಲಿಗೆ ಕಳೆಬೀಜವಿಲ್ಲವೆಂಬ ಪ್ರಮಾಣ ಬೇಕು, ಏಕೆಂದರೆ ಲದ್ದಿಯಲ್ಲಿ ಹೊರಬಿದ್ದ ಬೀಜ ಕಾಡಿನಲ್ಲಿ ಮೊಳೆಯುತ್ತದೆ.

ಪ್ರಶ್ನೆ: ಮೊಲ್ಲೆಂ ಹತ್ತಿರ ಪರಿಚಯದವರ ಕುಳಾಗರದಲ್ಲಿ (ಅಡಿಕೆ ತೋಟದಲ್ಲಿ) ಒಂದು ರಾತ್ರಿ ಎರಡು ಕುದುರೆಗಳೊಂದಿಗೆ ತಂಗಲಿದ್ದೇವೆ. ಹೇಗೆ ಕಟ್ಟುವುದು? (ವಾಸ್ಕೊ, ಗೋವಾ)

ಉತ್ತರ: ಅಡಿಕೆ ಮರಕ್ಕಂತೂ ಬೇಡ, ಎಳೆದಾಟಕ್ಕೆ ಬಾಗುತ್ತದೆ. ಬೇರೆ ಮರದ ಬುಡಕ್ಕೆ ನೇರ ಕಟ್ಟಿದರೂ ಬೇಸರಕ್ಕೆ ತೊಗಟೆ ಕಡಿದು, ಬೇರು ಕೆದರಿ ಬೆಳಗಾಗುವಷ್ಟರಲ್ಲಿ ಮರ ಹಾಳುಮಾಡುತ್ತವೆ. ಸುಮಾರು 10 ಮೀಟರ್ ದೂರವಿರುವ ಎರಡು ದಪ್ಪ ಹಲಸಿನ ಅಥವಾ ಮಾವಿನ ಮರ ಆರಿಸಿ. ಕಾಂಡಕ್ಕೆ 5 ಸೆಂಟಿಮೀಟರ್ ಅಗಲದ ಪಟ್ಟಿ ಸುತ್ತಿ, 12 ಮಿಲಿಮೀಟರ್ ಹಗ್ಗವನ್ನು 2 ಮೀಟರಿಗಿಂತ ಸ್ವಲ್ಪ ಎತ್ತರದಲ್ಲಿ ಬಿಗಿಯಾಗಿ ಎಳೆದು ಕಟ್ಟಿ. ಅದರಲ್ಲಿ ಜಾರದ ಎರಡು ಕುಣಿಕೆ ಹಾಕಿ, ನಡುವೆ 3 ಮೀಟರ್ ಅಂತರ ಬಿಡಿ. ಕುಣಿಕೆಯಿಂದ ಇಳಿಬಿಟ್ಟ ಹಗ್ಗದ ತುದಿ ನೆಲದಿಂದ ಅರ್ಧ ಮೀಟರ್ ಮೇಲಿರಲಿ. ಇನ್ನೂ ಉದ್ದವಾದರೆ ಮುಂಗಾಲು ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ತಲೆ ತಗ್ಗಿಸಿ ವಿಶ್ರಮಿಸಲಾಗದು. ತೊರೆಯಿಂದ 60 ಮೀಟರಾದರೂ ದೂರವಿರಿ, ನೀರನ್ನು ಬಕೆಟ್ಟಿನಲ್ಲೇ ತಂದು ಕುಡಿಸಿ. ಮಳೆಗಾಲವಾದರೆ ಬೆಳಗ್ಗೆ ಜೀನು ಹಾಕುವ ಮುಂಚೆ ಮೂಗಿನ ಹೊಳ್ಳೆಯೊಳಗೆ ಟಾರ್ಚ್ ಬಿಟ್ಟು ಜಿಗಣೆ ಇದೆಯೇ ನೋಡಿ.

ಪ್ರಶ್ನೆ: ಲೋಹಗಡಕ್ಕೆ ಕುದುರೆಯ ಮೇಲೆ? (ತಳೇಗಾಂವ)

ಉತ್ತರ: ತಪ್ಪಲಿನವರೆಗೆ. ಕೋಟೆ ಭಾರತೀಯ ಪುರಾತತ್ವ ಇಲಾಖೆಯದು, 1959ರ ನಿಯಮಗಳಂತೆ ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿ ತರುವಂತಿಲ್ಲ. ಕಬ್ಬಿಣದ ಲಾಳ ಹೊಡೆದ ಕುದುರೆ ಒದ್ದೆ ಕಲ್ಲುಮೆಟ್ಟಿಲಲ್ಲಿ ನಿಲ್ಲುವುದೂ ಇಲ್ಲ.