ಕೋಡಿಂಗ್ ಬಾರದವರು ಓಪನ್ ಸೋರ್ಸ್ ತಂತ್ರಾಂಶಗಳನ್ನು ಸುಲಭಗೊಳಿಸಲು ಏನು ಮಾಡಬಹುದು?

ಓಪನ್ ಸೋರ್ಸ್ ತಂತ್ರಾಂಶಗಳು, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದವು, ಸಾಮಾನ್ಯ ಬಳಕೆದಾರರಿಗೆ ಯಾಕೆ ಕಷ್ಟವಾಗುತ್ತವೆ, ಕೋಡಿಂಗ್ ಬಾರದ ನಾನು ಏನು ಮಾಡಬಹುದು ಎಂದು ಕೇಳಿದ್ದೀರಿ. ಇಂಥದೊಂದು ಯೋಜನೆಗೆ ಬರುವ ಬಗ್ ವರದಿಗಳನ್ನು (ತೊಂದರೆಗಳ ಬಗ್ಗೆ ಬಳಕೆದಾರರು ಬರೆದು ಕಳಿಸುವುದು) ಓದಿ ವಿಂಗಡಿಸುವುದು, ಸಹಾಯ ಪುಟ ಬರೆಯುವುದು ನಾನು ಮಾಡುವ ಕೆಲಸ. ನಾನೂ ಕೋಡ್ ಬರೆಯುವುದಿಲ್ಲ.

ಈ ತಂತ್ರಾಂಶಗಳಲ್ಲಿ ಎಷ್ಟೋ ಹುಟ್ಟಿದ್ದೇ ಬರೆದವರ ಸ್ವಂತ ಅಗತ್ಯಕ್ಕೆ. ಒಳಗಿನ ರಚನೆ ಅವರಿಗೆ ಬಾಯಿಪಾಠ. ಯಾವುದಾದರೂ ವಿಷಯದಲ್ಲಿ ಒಮ್ಮತ ಬರದಿದ್ದರೆ "ಎರಡೂ ಇರಲಿ, ಒಂದು ಸೆಟ್ಟಿಂಗ್ ಕೊಟ್ಟುಬಿಡೋಣ" ಎನ್ನುತ್ತಾರೆ. ಚರ್ಚೆ ಅಲ್ಲಿಗೆ ಮುಗಿಯುತ್ತದೆ, ತೀರ್ಮಾನದ ಹೊರೆ ಮಾತ್ರ ಹೊಸಬರ ತಲೆಗೆ ಬೀಳುತ್ತದೆ. ಕಷ್ಟದ ಮೂಲ ಇದೇ ಎಂದು ನನಗನ್ನಿಸುತ್ತದೆ. ಐಕಾನ್ ಹಳೆಯದು, ಬಣ್ಣ ಚೆನ್ನಾಗಿಲ್ಲ ಎಂಬುದೆಲ್ಲ ಆಮೇಲಿನ ಮಾತು.

ಡೌನ್‌ಲೋಡ್ ಪುಟವನ್ನೇ ನೋಡಿ. ಡೆಬ್, ಆರ್‌ಪಿಎಂ, ಆ್ಯಪ್‌ಇಮೇಜ್, ಫ್ಲಾಟ್‌ಪ್ಯಾಕ್, ಸೋರ್ಸ್ ಕೋಡ್ ಎಂದು ಒಂದೇ ತಂತ್ರಾಂಶದ ಬೇರೆ ಬೇರೆ ರೂಪಗಳಿಗೆ ಸಾಲಾಗಿ ಕೊಂಡಿಗಳು. ತನಗೆ ಬೇಕಾದದ್ದು ಯಾವುದೆಂದು ತಿಳಿಯದೆ ಎಷ್ಟೋ ಜನ ಅಲ್ಲಿಂದಲೇ ವಾಪಸಾಗುತ್ತಾರೆ. ಅವರು ಬಗ್ ವರದಿ ಬರೆಯುವುದಿಲ್ಲ, ಹಾಗಾಗಿ ಅವರು ಬಂದುಹೋದದ್ದೂ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಚಿತ್ರ ತಿದ್ದುವ ತಂತ್ರಾಂಶ ಗಿಂಪ್. 2012ರ 2.8 ಆವೃತ್ತಿಯಿಂದ ಅದರಲ್ಲಿ 'ಸೇವ್' ಕೊಟ್ಟರೆ ಚಿತ್ರ ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಕಡತವಾಗಿ ಮಾತ್ರ ಉಳಿಯುತ್ತದೆ. ಜೆಪೆಗ್ ಬೇಕಿದ್ದರೆ 'ಎಕ್ಸ್‌ಪೋರ್ಟ್' ಮಾಡಬೇಕು. ಇದಕ್ಕೆ ಒಳ್ಳೆಯ ಕಾರಣವೇ ಇದೆ. ಜೆಪೆಗ್‌ನಲ್ಲಿ ಲೇಯರ್‌ಗಳು (ಚಿತ್ರದಲ್ಲಿ ಒಂದರ ಮೇಲೊಂದು ಕೂರಿಸಿದ ಪದರಗಳು) ಉಳಿಯುವುದಿಲ್ಲ, ಗೊತ್ತಿಲ್ಲದೆ ಉಳಿಸಿದವರ ಕೆಲಸ ಹಾಳಾಗುತ್ತದೆ. ಆದರೆ ಫೋಟೊದ ಅಂಚು ಕತ್ತರಿಸಿ ಯಾರಿಗೋ ಕಳಿಸಬೇಕಾದವರಿಗೆ ಲೇಯರ್ ಎಂದರೇನೆಂದೇ ಗೊತ್ತಿರುವುದಿಲ್ಲ. ಎಕ್ಸ್‌ಸಿಎಫ್ ಕಡತವನ್ನೇ ಕಳಿಸುತ್ತಾರೆ, ಆ ಕಡೆಯವರಿಗೆ ಅದು ತೆರೆಯುವುದಿಲ್ಲ. ವೃತ್ತಿಪರರನ್ನು ಕಾಪಾಡುವ ನಿಯಮವೇ ಹೊಸಬರಿಗೆ ತೊಡಕಾಗುವುದು ಹೀಗೆ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಮಾನಿಸುತ್ತೇವೆ ಎಂಬುದನ್ನು ಮೊದಲೇ ಹೇಳಿಕೊಳ್ಳಬೇಕು.

ಬದಲಾಗಲು ಸಾಧ್ಯವೇ ಎಂದರೆ, ಖಂಡಿತ ಸಾಧ್ಯ. 3ಡಿ ಚಿತ್ರ ರಚಿಸುವ ತಂತ್ರಾಂಶ ಬ್ಲೆಂಡರ್‌ನಲ್ಲಿ ಬಹಳ ಕಾಲ ವಸ್ತುವೊಂದನ್ನು ಆರಿಸಲು ಮೌಸ್‌ನ ಬಲ ಗುಂಡಿ ಒತ್ತಬೇಕಿತ್ತು. 2019ರ ಜುಲೈನಲ್ಲಿ ಬಂದ 2.80 ಆವೃತ್ತಿ ಅದನ್ನು ಎಡಕ್ಕೆ ತಂದಿತು, ಇಡೀ ಪರದೆಯನ್ನೇ ಹೊಸದಾಗಿ ಜೋಡಿಸಿತು. ಹಳಬರಿಗೆ ಬಲ ಗುಂಡಿಯ ಆಯ್ಕೆಯನ್ನೂ ಉಳಿಸಿತು. ಇಲ್ಲೂ ಸೆಟ್ಟಿಂಗ್ ಇದೆ ನಿಜ, ಆದರೆ ಹೊಸಬರು ಅದನ್ನು ಮುಟ್ಟಬೇಕಾಗಿಲ್ಲ.

ಈಗ ನಿಮ್ಮ ಪಾಲಿನ ಕೆಲಸ. ಆ ತಂತ್ರಾಂಶವನ್ನು ಎಂದೂ ಬಳಸದ ಒಬ್ಬರನ್ನು ಕೂರಿಸಿ, ಒಂದು ನಿಜವಾದ ಕೆಲಸ ಕೊಡಿ: "ಈ ಫೋಟೊ ಚಿಕ್ಕದು ಮಾಡಿ ಕಳಿಸಿ." ಆಮೇಲೆ ಬಾಯಿ ಬಿಡಬೇಡಿ. ಇದು ಅಂದುಕೊಂಡಷ್ಟು ಸುಲಭವಿಲ್ಲ, "ಅಲ್ಲಿ ಮೇಲೆ ಒತ್ತಿ" ಎನ್ನಲು ನಾಲಿಗೆ ತುಡಿಯುತ್ತದೆ. ಅವರು ಎಲ್ಲಿ ನಿಂತರು, ಯಾವ ಮೆನು ತೆರೆದು ಮುಚ್ಚಿದರು, ಏನು ಗೊಣಗಿದರು, ಅಷ್ಟನ್ನೂ ಬರೆದುಕೊಳ್ಳಿ. "ಇಂಟರ್‌ಫೇಸ್ ಸರಿಯಿಲ್ಲ" ಎಂಬ ವರದಿಯಿಂದ ನಮಗೆ ಏನೂ ಮಾಡಲಾಗುವುದಿಲ್ಲ. "ಚಿತ್ರದ ಅಳತೆ ಬದಲಿಸಲು ಮೊದಲು ಎಡಿಟ್ ಮೆನುವಿನಲ್ಲಿ ಹುಡುಕಿದರು, ಆಮೇಲೆ ವ್ಯೂ, ಅಲ್ಲಿ ಜೂಮ್ ಮಾಡಿ ಚಿತ್ರವೇ ಚಿಕ್ಕದಾಯಿತು ಅಂದುಕೊಂಡರು" ಎಂದು ಬರೆದರೆ ಮಾಡಬಹುದು.

ದೋಷ ಸಂದೇಶಗಳನ್ನೂ ತಿದ್ದಿ ಕಳಿಸಬಹುದು. "ಕಡತ ಬರೆಯಲಾಗಲಿಲ್ಲ, ದೋಷ 13" ಎಂಬುದರ ಬದಲು "ಈ ಫೋಲ್ಡರ್‌ನಲ್ಲಿ ಉಳಿಸಲು ನಿಮಗೆ ಅನುಮತಿ ಇಲ್ಲ, ಬೇರೆ ಫೋಲ್ಡರ್ ಆರಿಸಿ" ಎಂದಿದ್ದರೆ ಓದಿದವರಿಗೆ ಮುಂದಿನ ದಾರಿ ಕಾಣುತ್ತದೆ.

ದಿನವೂ ಬಳಸುವ ಒಂದೇ ತಂತ್ರಾಂಶ ಆರಿಸಿಕೊಳ್ಳಿ, ಒಂದು ವರದಿಗೆ ಒಂದೇ ತೊಂದರೆ ಬರೆಯಿರಿ. ಉತ್ತರ ತಡವಾದರೆ ಬೇಸರ ಬೇಡ. ಓದುವವರಲ್ಲಿ ಹೆಚ್ಚಿನವರು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರು. ಅವರು ಮರಳಿ ಪ್ರಶ್ನೆ ಕೇಳಿದಾಗ ಉತ್ತರಿಸಲು ನೀವು ಇದ್ದರೆ ವರದಿ ಮುಂದೆ ಸಾಗುತ್ತದೆ.