ಸಿರಿಯಾದ ವಿಷಾನಿಲ: ಬಾಂಬೋ, ಮಾತುಕತೆಯೋ?

2013ರ ವಿಷಾನಿಲ ದಾಳಿಯ ನಂತರ ಅಮೆರಿಕ ಸಿರಿಯಾ ಮೇಲೆ ಬಾಂಬ್ ಹಾಕದೆ ಮಾತುಕತೆಗೆ ಕೂತಿದ್ದು ತಪ್ಪಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ತಪ್ಪಲ್ಲ. ಆದರೆ ಕೆಲಸ ಅರ್ಧಕ್ಕೇ ನಿಂತಿತು.

ನಾನು ತೀರ್ಥಹಳ್ಳಿ ಕಡೆಯವನು. ಕೆಲವು ವರ್ಷದ ಹಿಂದೆ ಪಕ್ಕದ ಗದ್ದೆಯವರೊಬ್ಬರು ಬಾಯಿಗೆ ಬಟ್ಟೆಯನ್ನೂ ಕಟ್ಟದೆ ಭತ್ತಕ್ಕೆ ಕೀಟದ ಔಷಧಿ ಹೊಡೆದರು. ಸಂಜೆ ಗದ್ದೆ ಅಂಚಿನ ಮೇಲೆ ಬಿದ್ದಿದ್ದರು. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಜೀಪಿನಲ್ಲಿ ಶಿವಮೊಗ್ಗಕ್ಕೆ ಒಯ್ದೆವು. ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟು ಉಳಿಸಿದರು. ಸಾರಿನ್ ಅನ್ನುವ ಯುದ್ಧದ ವಿಷ ಮಾಡುವುದೂ ಇದನ್ನೇ, ಆದರೆ ನಿಮಿಷಗಳಲ್ಲಿ. 1938ರಲ್ಲಿ ಜರ್ಮನಿಯಲ್ಲಿ ಕೀಟನಾಶಕ ಹುಡುಕುವಾಗಲೇ ಅದು ಸಿಕ್ಕಿದ್ದು. 2013ರ ಆಗಸ್ಟ್ 21ರಂದು ಡಮಾಸ್ಕಸ್ ಪಕ್ಕದ ಘೌಟಾದಲ್ಲಿ ಮಲಗಿದ್ದ ಮಕ್ಕಳ ಮೇಲೆ ಅದೇ ಬಿತ್ತು. ಆ ಚಿತ್ರಗಳನ್ನು ನೋಡಿದರೆ ನನಗೆ ಈಗಲೂ ಆ ಅಂಚೇ ಕಣ್ಮುಂದೆ ಬರುತ್ತದೆ.

ವಿಷದ ದಾಸ್ತಾನಿಗೆ ಬಾಂಬ್ ಹಾಕಿದರೆ ಸುತ್ತಲಿನ ಊರಿಗೇ ಹರಡಬಹುದು. ಮಾತುಕತೆಯಿಂದ ಸಿರಿಯಾ ಸುಮಾರು 1,300 ಟನ್ ರಾಸಾಯನಿಕ ಒಪ್ಪಿಸಿತು. 2014ರ ಜೂನ್ ಒಳಗೆ ಅದರ ಬಹುಪಾಲು ಹಡಗು ಹತ್ತಿ ಹೊರಗೆ ಹೋಯಿತು. ಹೊಡೆಯುತ್ತೇವೆ ಅನ್ನುವ ಬೆದರಿಕೆ ಇಲ್ಲದಿದ್ದರೆ ಆಗಿನ ಸಿರಿಯಾ ಅಧ್ಯಕ್ಷ ಅಸ್ಸಾದ್ ಇದಕ್ಕೆ ಬಗ್ಗುತ್ತಿರಲಿಲ್ಲ, ಅದನ್ನೂ ಒಪ್ಪುತ್ತೇನೆ.

ಎಲ್ಲವನ್ನೂ ಒಪ್ಪಿಸಲಿಲ್ಲ ಅನ್ನುವುದೂ ನಿಜ. 2017ರಲ್ಲಿ ಸಿರಿಯಾದ ಖಾನ್ ಶೇಖೂನ್ ಊರಿನಲ್ಲಿ ಮತ್ತೆ ಸಾರಿನ್. ಅಮೆರಿಕ 59 ಟೊಮಾಹಾಕ್ ಕ್ಷಿಪಣಿ ಬಿಟ್ಟಿತು. ಮರುವರ್ಷವೇ ಅಲ್ಲಿನ ಇನ್ನೊಂದು ಊರು ಡೂಮಾದಲ್ಲಿ ಕ್ಲೋರಿನ್ ಅನಿಲ. ಕ್ಷಿಪಣಿಯೂ ತಡೆಯಲಿಲ್ಲ, ಅಲ್ವಾ? ಬೇಕಿದ್ದದ್ದು ಒಪ್ಪಂದಕ್ಕೆ ಸುಮ್ನೆ ಸಹಿಯಲ್ಲ. ತಪಾಸಣೆಗೆ ಹೋದವರು ಕೇಳಿದ ಗೋದಾಮಿನ ಬಾಗಿಲು ಆ ದಿನವೇ ತೆಗೆಯುವ ಹಾಗಿರಬೇಕಿತ್ತು.